ಹಲಗೆಯ ಮೇಲೆ ಹಚ್ಚಿದ ಕರ್ಪೂರ

ಸಂಜೆ ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ ಎಲ್ಲವೂ ಕೆಡಲು ಶುರುವಾಯಿತು. ಹೊತ್ತು ಇಷ್ಟು ಖಚಿತವಾಗಿ ಗೊತ್ತಿರುವುದು ಮೊಬೈಲಿನಲ್ಲಿ ತೆಗೆದ ಒಂದು ಫೋಟೊದಿಂದ. ಮುಂಬೈಯ ಬೀಗ ಬಿದ್ದ ಹಳೆಯ ನಾಟಕಗೃಹವೊಂದರ ಬಾಲ್ಕನಿಯಿಂದ ತೆಗೆದದ್ದು. ಕೆಳಗೆ ಖಾಲಿ ರಂಗದ ನಡುವೆ ನನ್ನ ಸೋದರತ್ತೆ ಬರಿಗಾಲಲ್ಲಿ ಕೈಮುಗಿದು ನಿಂತಿದ್ದಾಳೆ. ಅವಳ ಮುಂದೆ ಹಲಗೆಯ ಮೇಲೆ ಕರ್ಪೂರದ ಪುಟ್ಟ ಉರಿ. ಫೋಟೊದಲ್ಲಿ ಹೊಗೆ ಇಲ್ಲ. ದೊಡ್ಡದು ಮಾಡಿ ನೋಡಿದರೂ ಇಲ್ಲ. ಎಷ್ಟೋ ಸಲ ನೋಡಿದ್ದೇನೆ.

ಅವಳನ್ನು ನಾನು ಅತ್ತಿ ಎನ್ನುತ್ತೇನೆ. ನಮ್ಮದು ಮಹಾರಾಷ್ಟ್ರದ ಗಡಿಯೊಳಗಿನ ದೇವಣಿ ಕಡೆಯ ಲಿಂಗಾಯತ ಒಕ್ಕಲು ಮನೆತನ. ಅತ್ತಿ ಹರೆಯದಲ್ಲಿ ಮನೆಬಿಟ್ಟು ಒಂದು ಕನ್ನಡ ನಾಟಕ ಕಂಪನಿ ಸೇರಿದಳು. ಸುಗ್ಗಿ ಮುಗಿದ ಮೇಲೆ ಆ ಕಂಪನಿ ಉಮರ್ಗಾ, ನಿಲಂಗಾ, ಔರಾದ ಶಹಾಜನಿಗಳಲ್ಲಿ ತಂಬು ಹೊಡೆಯುತ್ತಿತ್ತು. ಅವಳಿಗೆ ಯಾವಾಗಲೂ ಮಲತಾಯಿಯ ಪಾರ್ಟು. ನಿಲಂಗಾದ ಸಂತೆಯಲ್ಲಿ ಒಬ್ಬ ಮುದುಕಿ ಅವಳನ್ನು ಗುರುತು ಹಿಡಿದು ಉಳ್ಳಾಗಡ್ಡಿ ಬೀಸಿ ಒಗೆದಿದ್ದಳಂತೆ. ಅದನ್ನು ಅತ್ತಿ ತನಗೆ ಸಿಕ್ಕ ಪದಕದ ಹಾಗೆ ಹೇಳಿಕೊಳ್ಳುತ್ತಿದ್ದಳು. ನಮ್ಮ ಮನೆಯಲ್ಲಿ ಮಾತ್ರ ಅವಳ ಹೆಸರು ಎತ್ತುತ್ತಿರಲಿಲ್ಲ. ನನ್ನ ಮದುವೆ ಮುರಿದು, ತವರಿನಲ್ಲೂ ಜಾಗ ಸಾಲದೆ ಹೋದಾಗ, ಉದಗೀರದ ಕೋಟೆಯ ಕಡೆಗಿನ ತನ್ನ ಎರಡು ಖೋಲಿಯ ಮನೆಯ ಬಾಗಿಲು ತೆರೆದವಳು ಇದೇ ಅತ್ತಿ. ನಾನು ಅಲ್ಲಿಯೇ ಇದ್ದು, ಓದು ಮುಗಿಸಿ, ಕಾಲೇಜೊಂದರ ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿದೆ. ಹಗಲೆಲ್ಲ ಮರಾಠಿಯಲ್ಲಿ ಮಾತಾಡಿ ಮನೆಗೆ ಬಂದು ಕನ್ನಡ ಮಾತಾಡಲು ನನಗೆ ಇದ್ದವಳು ಅವಳೊಬ್ಬಳೇ.

ಮುಂಬೈಯಲ್ಲಿ ಹಳೆಯ ನಾಟಕಗೃಹಗಳನ್ನು ನಡೆದುಕೊಂಡೇ ತೋರಿಸುವ ಪ್ರವಾಸವೊಂದಿದೆ ಎಂದು ಪೇಪರಿನಲ್ಲಿ ಓದಿದೆ. ಅದರಲ್ಲಿ ಅತ್ತಿಯ ಕಂಪನಿ ಒಂದು ತಿಂಗಳು ಆಡಿದ್ದ ಥೇಟರೂ ಇತ್ತು. ಲಾತೂರಿನಿಂದ ರಾತ್ರಿ ರೈಲಿಗೆ ಹೊರಟೆವು.

ಮಾರ್ಗದರ್ಶಕಿ ಚುರುಕಾದ ಮರಾಠಿ ಹುಡುಗಿ, ಕೊರಳಲ್ಲಿ ಸಣ್ಣ ಸ್ಪೀಕರು. ಗುಂಪಿನಲ್ಲಿ ಹತ್ತು ಹನ್ನೆರಡು ಜನ, ಎಲ್ಲರೂ ನಗರದವರೇ. ಮೊದಲ ಥೇಟರು ಇನ್ನೂ ನಡೆಯುತ್ತಿತ್ತು. ಬಾಗಿಲಲ್ಲಿ ಮಕ್ಕಳ ನಾಟಕದ ಪೋಸ್ಟರು. ಗ್ಯಾಸಿನ ದೀಪದಲ್ಲಿ ಬೆಳಗಿನವರೆಗೆ ನಡೆಯುತ್ತಿದ್ದ ಆಟಗಳು, ಒನ್ಸ್ ಮೋರ್ ಎಂದಾಗಲೆಲ್ಲ ಸತ್ತ ಪಾತ್ರವೂ ಎದ್ದು ಹಾಡಿ ಮತ್ತೆ ಸಾಯುತ್ತಿದ್ದದ್ದು, ಎಲ್ಲವನ್ನೂ ಹುಡುಗಿ ಚೆನ್ನಾಗಿ ಹೇಳಿದಳು. ಎರಡನೆಯದು ಮದುವೆಯ ಹಾಲ್ ಆಗಿತ್ತು. ಗೋಡೆಗೆ ಇನ್ನೂ ಹಳೆಯ ಕಾಲದ ಗಾರೆಯ ಹೂಬಳ್ಳಿ, ಒಳಗೆ ಬೂಂದಿ ಕರಿಯುವ ವಾಸನೆ. ರಂಗವಿದ್ದ ಜಾಗದಲ್ಲಿ ಮದುಮಕ್ಕಳು ಕೂಡುವ ಕೆಂಪು ಸೋಫಾ.

"ಇಲ್ಲೂ ನಾಟಕ ನಡದೇ ಅದ ಬಿಡು," ಎಂದಳು ಅತ್ತಿ.

ಮೂರನೆಯದು ನಮ್ಮದು. ಎಷ್ಟೋ ವರ್ಷದಿಂದ ಮುಚ್ಚಿದ್ದು. ವಾಚಮನ್ ಪಕ್ಕದ ಬಾಗಿಲ ಬೀಗ ತೆಗೆದು ಎರಡು ಬಲ್ಬು ಹಾಕಿದ. ಕುರ್ಚಿಗಳನ್ನು ಕಿತ್ತೊಯ್ದಿದ್ದರು, ನೆಲದಲ್ಲಿ ಬೋಲ್ಟಿನ ಮೊನೆಗಳಷ್ಟೇ ಉಳಿದಿದ್ದವು. ರಂಗದ ಕೆಳಗಿನ ಪೊಳ್ಳು ಜಾಗವನ್ನು ಮಂಟಪ ಕಟ್ಟುವವರು ಬಾಡಿಗೆಗೆ ಹಿಡಿದು ಥರ್ಮೋಕೋಲು, ಹಳೆಯ ಪರದೆಬಟ್ಟೆ ತುಂಬಿಟ್ಟಿದ್ದರು. ಅದು ನಮಗೆ ಗೊತ್ತಾದದ್ದು ಆಮೇಲೆ.

ಅತ್ತಿ ರಂಗವನ್ನೇ ನೋಡುತ್ತಿದ್ದಳು. "ಹಿಂದ ಒಂದ ಬಾವಿ ಇತ್ತು. ನಾವು ಬಣ್ಣ ತೊಳಕೊಳ್ಳೋದು," ಎಂದಳು. ನಾನು ಅದನ್ನು ಮರಾಠಿಯಲ್ಲಿ ಹೇಳಿದೆ. ಹುಡುಗಿ ತಿರುಗಿ, "ಆಜಿ, ನೀವು ಇಲ್ಲಿ ಆಡಿದ್ದೀರಾ?" ಎಂದು ಅವಳ ಕೈ ಹಿಡಿದಳು.

ಅತ್ತಿಯ ಮರಾಠಿಗೆ ಬಲ ಬಂತು. ಹೋಟೆಲಿನಲ್ಲಿ ದೋಸೆ ಹಾಕುವವರು, ಮಿಲ್ಲಿನ ಕೂಲಿಗಳು, ಎಲ್ಲ ನಮ್ಮ ಕನ್ನಡ ಮಂದಿಯೇ ಬರುತ್ತಿದ್ದರು ಎಂದಳು. ತಾನು ಹಾಲಿಗೆ ವಿಷ ಬೆರೆಸುವಾಗ ಒಬ್ಬ ಎದ್ದು ನಿಂತು ಕೂಗಿದ್ದನ್ನು ಮಾತ್ರ ಕನ್ನಡದಲ್ಲೇ ಹೇಳಿದಳು: "'ಏ ಹಾಳಾದಾಕೀ, ಆ ಕೂಸಿಗಿ ಏನ್ ಕುಡಸ್ಲತ್ತೀ?' ಅಂದ. ನಾ ಅಂದೆ, 'ನೀನೂ ಬಾ, ನಿನಗೂ ಒಂದ ಬಟ್ಟಲಾ ಕೊಡ್ತೀನಿ.' ಮಾಲಕ ಅದಕ್ಕ ನನ್ನ ಪಗಾರದಾಗ ರೊಕ್ಕ ಹಿಡದ."

ನಾನು ಅದನ್ನು ಮರಾಠಿಗೆ ತಿರುಗಿಸಿದಾಗ ಎಲ್ಲರೂ ನಕ್ಕರು. ಹುಡುಗಿ, ಆಜಿ ರಂಗದ ಮೇಲೆ ನಿಲ್ಲಲಿ, ನಾವು ಬಾಲ್ಕನಿಯಿಂದ ಪ್ರೇಕ್ಷಕರ ಹಾಗೆ ನೋಡೋಣ ಎಂದಳು. ಕಿರಿದಾದ ಸುತ್ತು ಮೆಟ್ಟಿಲು ಹತ್ತಿ ಎಲ್ಲರೂ ಮೇಲೆ ಹೋದೆವು.

ನಮ್ಮ ಕಡೆ ರಂಗವೆಂದರೆ ಮಣ್ಣಿನ ಕಟ್ಟೆ. ತಂಬಿನ ಆಟಕ್ಕೂ ಕೂಡ ಕಂಪನಿಯವರು ಮೊದಲು ಮಣ್ಣು ತುಳಿದು ಕಟ್ಟೆ ಕಟ್ಟಿಸುತ್ತಿದ್ದರು. ಆಟಕ್ಕೆ ಮುಂಚೆ ಎಲ್ಲರೂ ಚಪ್ಪಲಿ ಬಿಟ್ಟು, ಕಟ್ಟೆ ಮುಟ್ಟಿ ಹಣೆಗೆ ಹಚ್ಚಿಕೊಂಡು, ಕರ್ಪೂರವನ್ನು ಆ ಮಣ್ಣಿನ ಮೇಲೆಯೇ ಇಟ್ಟು ಬೆಳಗಿ, ನಾಂದಿ ಹಾಡುವುದು. ಈ ಥೇಟರಿನಲ್ಲಿ ಆಡಿದ್ದಾಗ ಮಾಲಕ ಕರ್ಪೂರಕ್ಕೆ ಹಿತ್ತಾಳೆಯ ತಟ್ಟೆ ಇಡುತ್ತಿದ್ದನೇನೋ. ಅತ್ತಿ ಅದನ್ನು ನೋಡಿದವಳಲ್ಲ. ಮಲತಾಯಿಯ ಪಾರ್ಟಿನವಳಿಗೆ ಹಿಂದಿನ ಸಾಲು, ಮೇಲಾಗಿ ಅವಳು ಕಣ್ಣು ಮುಚ್ಚಿ ಹಾಡುವವಳು. ಈಗ ಮುಂದೆ ನಿಲ್ಲಲು ಯಾರೂ ಇರಲಿಲ್ಲ. ಆದ್ದರಿಂದ ಪೂಜೆಯಾಗಲಿ ಎಂದು ಕುಪ್ಪಸದೊಳಗಿನ ಪುಟ್ಟ ಡಬ್ಬಿ ತೆಗೆದು, ಇಡೀ ಕಂಪನಿಯ ಪಾಲಿನ ಕರ್ಪೂರವನ್ನು ತಾನೇ ಹಲಗೆಯ ಮೇಲೆ ಇಟ್ಟು ಹಚ್ಚಿದಳು.

ನಾಂದಿ ಶುರುವಾಯಿತು. ಎಲ್ಲರೂ ಸೇರಿ ಹಾಡುವುದನ್ನು ಒಂಟಿ ದನಿಯಲ್ಲಿ ಕೇಳಿದ್ದು ಅದೇ ಮೊದಲು. ನಾನು ಫೋಟೊ ತೆಗೆದೆ.

ಮೊದಲು ಕಂಡ ಹೊಗೆ ಕರ್ಪೂರದ್ದೇ ಎಂದುಕೊಂಡೆ. ಆಮೇಲೆ ಕರ್ಪೂರದಿಂದ ಒಂದು ಮಾರು ಆಚೆ, ರಂಗದ ಅಂಚಿನ ಎರಡು ಹಲಗೆಗಳ ನಡುವಿನಿಂದ, ದಾರದಂಥ ಇನ್ನೊಂದು ಹೊಗೆ ಎದ್ದಿತು. ಅದು ಕಪ್ಪಾಗಿತ್ತು. ಕರಗಿದ ಕರ್ಪೂರ ಉರಿಯುತ್ತಲೇ ಸಂದಿಯೊಳಗೆ ಇಳಿದಿತ್ತು.

"ಅತ್ತೀ, ಹಿಂದ ಸರಿ," ಎಂದು ಕೂಗಿದೆ. ಅವಳು ಕಣ್ಣು ತೆರೆಯದೆ ಅಂಗೈ ಎತ್ತಿ ತಡೆದಳು. ಶುರು ಮಾಡಿದ ನಾಂದಿಯನ್ನು ನಡುವೆ ಬಿಡಬಾರದು. ಬಿಟ್ಟರೆ ಆಟ ಕೆಡುತ್ತದೆ ಎಂಬುದು ಕಂಪನಿಯ ಮಾತು. ನಾನು ಮತ್ತೆ ಕೂಗಿದೆ. ಅವಳು ಇನ್ನೂ ಗಟ್ಟಿಯಾಗಿ ಹಾಡಿದಳು, ನಮ್ಮ ಗದ್ದಲವನ್ನು ಮೀರಲು.

ಮೆಟ್ಟಿಲಲ್ಲಿ ನನಗಿಂತ ಮುಂಚೆ ಎಲ್ಲರೂ ಇಳಿಯುತ್ತಿದ್ದರು. ವೈರು ಹೊತ್ತೀತೆಂಬ ಭಯಕ್ಕೆ ಯಾರೋ ಮೇನ್ ಸ್ವಿಚ್ ಆರಿಸಿದರು. ಕತ್ತಲೆಯಲ್ಲಿ ಒಬ್ಬರ ಬೆನ್ನಿಗೆ ಒಬ್ಬರು ಅಂಟಿಕೊಂಡು ನಿಂತೆವು. ಕೆಳಗಿನವರು ಬಾಗಿಲು ಸಿಗದೆ ತಡಕಾಡುತ್ತಿದ್ದರು. ನಾನು ಆ ಹೊತ್ತಿನಲ್ಲಿ ಅತ್ತಿಯ ದನಿಯನ್ನೇ ಕೇಳುತ್ತಿದ್ದೆ. ದನಿ ಇದೆ ಎಂದರೆ ಅವಳು ಇದ್ದಾಳೆ. ಕೊನೆಗೆ ಕೆಳಗೆ ಇಳಿದಾಗ ಎದೆಮಟ್ಟದ ಮೇಲೆ ಏನೂ ಕಾಣುತ್ತಿರಲಿಲ್ಲ. ಥರ್ಮೋಕೋಲು ಸುಟ್ಟ ಹೊಗೆ ಗಂಟಲಿಗೆ ಡಾಂಬರಿನಂತೆ ಹತ್ತುತ್ತದೆ. ದನಿಯ ಕಡೆಗೆ ಬಗ್ಗಿ ಓಡಿದೆ. ಬೋಲ್ಟು ತಾಗಿ ಬಿದ್ದೆ. ಎದ್ದಾಗ ದನಿ ಇರಲಿಲ್ಲ.

ಮುಂದಿನದು ನನಗೆ ತುಂಡುತುಂಡಾಗಿ ನೆನಪಿದೆ. ರಂಗದ ಅಂಚು ಬಿಸಿಯಾಗಿತ್ತು. ತೆವಳಿಕೊಂಡು ಹೋಗಿ ಕೈಯಾಡಿಸಿದಾಗ ಸೀರೆಯ ಸೆರಗು ಸಿಕ್ಕಿತು. ಎಳೆದೆ. ಅವಳು ಬಂದಳು, ಭಾರವಾಗಿ, ನೀರು ತುಂಬಿದ ಚೀಲದಂತೆ. ಹಿಂದಿನ ಬಾಗಿಲು ಒದ್ದು ಬಂದ ವಾಚಮನ್ ಇಬ್ಬರನ್ನೂ ಹೊರಗೆಳೆದ. ಗಲ್ಲಿಯಲ್ಲಿ ಜನ ಚಾ ಕುಡಿಯುತ್ತಿದ್ದರು, ಬಿಸಿಲಿತ್ತು. ಅತ್ತಿ ಕಪ್ಪಗೆ ಕೆಮ್ಮಿ ಕಣ್ಣು ಬಿಟ್ಟು ಹೇಳಿದ ಮೊದಲ ಮಾತು: "ನನ್ನ ಚಪ್ಪಲಿ ಒಳಗೇ ಉಳದಾವ ನೋಡು."

ಅಗ್ನಿಶಾಮಕ ಬಂಬಿನವರು ಬಂದು ಬೆಂಕಿ ಆರಿಸಿದರು. ರಂಗದ ಅರ್ಧ ಹೋಯಿತು, ಉಳಿದವರಿಗೆ ಏನೂ ಆಗಲಿಲ್ಲ. ಆಸ್ಪತ್ರೆಗೆ ಬಂದ ಪೊಲೀಸರಿಗೆ ಅತ್ತಿ ತಾನೇ, "ನಾನೇ ಹಚ್ಚೀನಿ ಸಾಹೇಬ್ರ, ದೇವರಿಗಿ," ಎಂದಳು. ಅವರು ಅವಳ ಸುಟ್ಟ ಅಂಗಾಲು ನೋಡಿ, ಮುಖ ನೋಡಿ, ಹೋದರು. ಹುಡುಗಿ ಕಾರಿಡಾರಿನಲ್ಲಿ ಅಳುತ್ತಿದ್ದಳು. ಅವಳಿಗೆ ಸಮಾಧಾನ ಹೇಳಿದ್ದೂ ಅತ್ತಿಯೇ.

ಉದಗೀರಕ್ಕೆ ಮರಳಿದ ಮೇಲೆ ಅತ್ತಿ ಮೊದಲಿನಂತೆಯೇ ಉಂಡಳು, ಬೈದಳು, ಗೊರಕೆ ಹೊಡೆದಳು. ಡಾಕ್ಟರು ಎದೆ ಸ್ವಚ್ಛವಾಗಿದೆ ಎಂದರು. ನಿದ್ದೆ ಹೋದದ್ದು ನನ್ನದು. ನನಗೆ ಬೆಂಕಿ ನೆನಪಾಗುತ್ತಿರಲಿಲ್ಲ. ದನಿ ನಿಂತ ಆ ಗಳಿಗೆ ನೆನಪಾಗುತ್ತಿತ್ತು. ಅತ್ತಿಯ ಗೊರಕೆ ನಡುವೆ ಒಂದು ಕ್ಷಣ ತಡೆದರೆ ಸಾಕು, ನಾನು ಎದ್ದು ಕೂಡುತ್ತಿದ್ದೆ. ಅವಳ ಮೂಗಿನ ಕೆಳಗೆ ಬೆರಳು ಹಿಡಿಯುತ್ತಿದ್ದೆ. ಒಂದು ಸಲ ಅವಳು ಕಣ್ಣು ತೆರೆದು, "ಏನ್, ಸತ್ತೀನೇನಂತ ನೋಡ್ಲತ್ತೀ?" ಎಂದಳು.

ಕಾಲೇಜಿನಲ್ಲಿ ಜೊತೆಯವರು ಮುಂಬೈಯಲ್ಲಿ ಏನೇನು ನೋಡಿದೆ ಎಂದು ಕೇಳಿದರು. ಹೇಳಲು ಹೋದೆ. ಯಾರಿಗೂ ಏನೂ ಆಗಲಿಲ್ಲವಲ್ಲ, ದೇವರು ದೊಡ್ಡವನು ಎಂದು ಚಾಕ್ಕೆ ಎದ್ದರು. ನನ್ನ ಜೊತೆ ಆ ಹೊಗೆಯಲ್ಲಿ ಇದ್ದವಳು ಒಬ್ಬಳೇ. ಅವಳಿಗೆ ಅದು ಹೊಗೆಯೇ ಆಗಿರಲಿಲ್ಲ. "ಎಷ್ಟ ಛಂದ ಹಾಡಿದ್ನಲ್ಲ," ಎನ್ನುತ್ತಿದ್ದಳು. "ಹಿಂದಿನ ಸಾಲಿನಾಗ ನಿಂತು ನಿಂತು ನನ್ನ ದನಿ ಹ್ಯಾಂಗದ ಅಂತ ನನಗೇ ಗೊತ್ತಿದ್ದಿಲ್ಲ."

ನಾನು ಮನೆಯ ಕಡ್ಡಿಪೆಟ್ಟಿಗೆಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡು ಕಾಲೇಜಿಗೆ ಒಯ್ಯತೊಡಗಿದೆ. ಲಿಂಗಪೂಜೆಯ ದೀಪದ ಜಾಗದಲ್ಲಿ ಬ್ಯಾಟರಿಯ ದೀಪ ತಂದಿಟ್ಟೆ. ಗ್ಯಾಸಿನ ಸಿಲಿಂಡರಿನ ಗುಂಡಿ ತಿರುಗಿಸಿ ಬಿಗಿಮಾಡಿ ಹೋಗುತ್ತಿದ್ದೆ, ಅವಳ ಬೆರಳಿಗೆ ಅದು ತಿರುಗುತ್ತಿರಲಿಲ್ಲ. ಒಂದು ದಿನ ಮನೆಗೆ ಬಂದಾಗ ಅತ್ತಿ ನೆರೆಮನೆಯ ಕಟ್ಟೆಯ ಮೇಲೆ ಕೂತು ಅವರ ಮನೆಯ ಚಾ ಕುಡಿಯುತ್ತಿದ್ದಳು. ಆ ಮನೆಯಾಕೆ ನನ್ನನ್ನು ನೋಡಿ ತಲೆ ತಗ್ಗಿಸಿದಳು.

ಒಳಗೆ ಬಂದ ಮೇಲೆ ಅತ್ತಿ ದನಿ ಏರಿಸಲಿಲ್ಲ. "ಮನಿ ಬಿಟ್ಟ ಹೋದಾಕಿ ನಾ. ನಮ್ಮಪ್ಪನೂ ನನ್ನ ಇಷ್ಟ ಕಾದಿದ್ದಿಲ್ಲ. ಈಗ ಚಾಕ್ಕ ಮಂದಿ ಮನಿಗಿ ಹೋಗೂವಂಗ ಮಾಡಿದ್ದೀ."

"ನಿನಗ ಏನರೆ ಆದ್ರ ನಾ ಏನ್ ಮಾಡ್ಲಿ?" ಎಂದೆ. ಅದಕ್ಕಿಂತ ನಿಜವಾದ ಮಾತು ನನ್ನಲ್ಲಿ ಇರಲಿಲ್ಲ.

"ಅಳು. ಮತ್ತೇನ್ ಮಾಡ್ತೀ? ಈಗಂತೂ ನಾ ಇದ್ದಾಗೇ ಅಳ್ಲತ್ತೀ."

ಔರಾದ ಶಹಾಜನಿಯಲ್ಲಿ ಅತ್ತಿಯ ಕಂಪನಿಯ ಗೆಳತಿ ಇದ್ದಳು. ಆಗ ನಾಯಕಿಯ ಪಾರ್ಟು ಮಾಡುತ್ತಿದ್ದವಳು, ಈಗ ಮಗಳ ಮನೆಯಲ್ಲಿ ಇರುತ್ತಾಳೆ. ಸ್ವಲ್ಪ ದಿನ ಅಲ್ಲಿಗೆ ಹೋಗಿ ಬರುತ್ತೇನೆ ಎಂದಳು. ಬಸ್ ನಿಲ್ದಾಣದಲ್ಲಿ ಕಿಟಕಿಯ ಸೀಟು ಹಿಡಿದುಕೊಟ್ಟೆ. ನನ್ನ ಮುಖ ನೋಡಿ, "ಸಾಯ್ಲಾಕ ಹೊಂಟಿಲ್ಲ ತಂಗೀ. ನಿನ್ನ ಕಣ್ಣ ತಪ್ಪಸಿ ಚಾ ಕುಡಿಲಾಕ ಹೊಂಟೀನಿ," ಎಂದಳು. ಬಸ್ಸು ಹೊರಡುವಾಗ ತಾನಾಗಿಯೇ, "ದಿನಾ ಮುಂಜಾನಿ ಫೋನ್ ಮಾಡಿ ಇದ್ದೀನಿ ಅಂತೀನಿ. ಅಷ್ಟೇ. ಹೆಚ್ಚಿಗಿ ಕೇಳಬ್ಯಾಡ," ಎಂದಳು.

ಮಾತಿನಂತೆ ಮಾಡಿದಳು. ದಿನವೂ ಫೋನು, ಒಂದೇ ಮಾತು. ಹಿಂದಿನಿಂದ ಗೆಳತಿಯ ನಗು, ಪಾತ್ರೆಯ ಸದ್ದು ಕೇಳಿಸುತ್ತಿತ್ತು. ನಾನು ಹೂಂ ಎನ್ನುತ್ತಿದ್ದೆ. ಆಮೇಲೆ ಇಡೀ ದಿನ ಕನ್ನಡ ಮಾತಾಡುವ ಪ್ರಸಂಗ ಬರುತ್ತಿರಲಿಲ್ಲ. ಖಾಲಿ ಮನೆಯಲ್ಲಿ ಮೊದಮೊದಲು ಆ ಗೊರಕೆಯ ಜಾಗಕ್ಕೇ ಕಿವಿ ಕೊಟ್ಟು ಮಲಗುತ್ತಿದ್ದೆ. ಕೇಳಲು ಏನೂ ಇಲ್ಲವಾದ್ದರಿಂದ ನಿಲ್ಲುವುದಕ್ಕೂ ಏನೂ ಇರಲಿಲ್ಲ. ಇದು ಮೈಗೆ ತಿಳಿಯಲು ಸಮಯ ಹಿಡಿಯಿತು.

ನಾಗರ ಪಂಚಮಿಯ ಹಿಂದಿನ ಭಾನುವಾರ ಫೋನಿನ ಸದ್ದಿಗೆ ಎಚ್ಚರಾಯಿತು. ಎದುರಿನ ಗೋಡೆಯ ಮೇಲೆ ಬಿಸಿಲು ಅರ್ಧಕ್ಕೆ ಇಳಿದಿತ್ತು. ಹಾಲಿನ ಪಾಕೀಟನ್ನು ಬಾಗಿಲಿಗೆ ಸಿಕ್ಕಿಸಿ ಹೋದದ್ದೂ ಕೇಳಿರಲಿಲ್ಲ. ರಾತ್ರಿ ದಿಂಬಿಗೆ ತಲೆಯಿಟ್ಟದ್ದೊಂದು ನೆನಪು, ಆಮೇಲೆ ಇದು. ನಡುವೆ ಏನೂ ಇರಲಿಲ್ಲ.

"ಇದ್ದೀನಿ," ಎಂದಳು ಅತ್ತಿ. ನನ್ನ ದನಿಯ ಜಡ್ಡು ಗೊತ್ತಾಗಿರಬೇಕು, ಎಂದಿನಂತೆ ತಕ್ಷಣ ಇಡಲಿಲ್ಲ. "ಯಾಕ, ಮೈಯಾಗ ಹುಷಾರಿಲ್ಲೇನು?"

"ಹುಷಾರದೀನಿ," ಎಂದೆ.

ನಿದ್ದೆ ಬಂತು ಎಂದು ಹೇಳಲು ಬಾಯಿ ತೆರೆದೆ. ಅವಳಿಲ್ಲದ ಮನೆಯಲ್ಲಿ ಬಂತು ಎಂಬುದನ್ನು ಬಿಟ್ಟು ಅದನ್ನು ಹೇಳುವ ದಾರಿ ಸಿಗಲಿಲ್ಲ. ಅವಳು ಫೋನಿಟ್ಟಳು. ನಾನು ಎದ್ದು ಹಾಲಿನ ಪಾಕೀಟು ಒಳಗೆ ತಂದೆ. ಬಿಸಿಲಿಗೆ ಅದು ಬೆಚ್ಚಗಾಗಿತ್ತು, ಒಡೆಯುವುದರೊಳಗೆ ಕಾಯಿಸಬೇಕಿತ್ತು.