ಹಾತ್ಸು-ಸಾನ್ ಅವರ ಇಪ್ಪತ್ನಾಲ್ಕು ಇಂಚು

ಜಪಾನಿನ ತ್ಸುಯಾಮಾ ಊರಿನ ಹಳೇ ಪೇಟೆಯಲ್ಲಿರುವ ಕೋಮೋತೊ ಶೋಜಿಯ ಕರೆಂಟ್ ಸಾಮಾನಿನ ಅಂಗಡಿಗೆ ಅಗ್ಗದ ಮಾಲು ಹುಡುಕಿಕೊಂಡು ಯಾರೂ ಬರುವುದಿಲ್ಲ. ಗೊತ್ತಿಲ್ಲದೆ ಬಂದವರು ಬೆಲೆಚೀಟಿ ನೋಡಿ, ಮೇಲೆ ಹೋದ ಹುಬ್ಬನ್ನು ಕೆಳಗಿಳಿಸಿಕೊಂಡು, ಮರ್ಯಾದೆಗೆ ಎರಡು ಬ್ಯಾಟರಿ ಕೊಂಡು ಹೊರಡುತ್ತಾರೆ. ಅದೇ ಫ್ರಿಜ್ಜು, ಅದೇ ಟಿವಿ ಊರಾಚೆ ಬೈಪಾಸ್ ಪಕ್ಕದ ದೊಡ್ಡ ಮಳಿಗೆಯಲ್ಲಿ ಕಾಲು ಪಾಲು ಕಮ್ಮಿಗೆ ಸಿಗುತ್ತದೆ. ಇದು ಶೋಜಿಗೂ ಗೊತ್ತು, ಗಿರಾಕಿಗಳಿಗೂ ಗೊತ್ತು. ಆದರೂ ಅರವತ್ತೊಂದು ವಯಸ್ಸಿನವರೆಗೆ ಅವನ ಮನೆಯ ಒಲೆ ಉರಿದದ್ದು ಒಂದು ಏಣಿಯಿಂದ. ಯಾರ ಮನೆಯ ಬಲ್ಬು ಹೋದರೂ ಏಣಿ ಹೊತ್ತುಕೊಂಡು ಹೋಗಿ ಹಾಕಿಕೊಟ್ಟು ಬರುತ್ತಾನೆ, ಕೂಲಿ ಕೇಳುವುದಿಲ್ಲ. ಹೀಗೆ ಇಪ್ಪತ್ತು ಸಲ ಏಣಿ ಹತ್ತಿಸಿಕೊಂಡ ಮನೆಯವರಿಗೆ ಫ್ರಿಜ್ಜು ಬೇಕಾದಾಗ ಬೈಪಾಸಿಗೆ ಹೋಗಲು ನಾಚಿಕೆಯಾಗುತ್ತದೆ. ಆ ನಾಚಿಕೆಯೇ ಶೋಜಿಯ ಬಂಡವಾಳ.

ಆದರೆ ತೊಕುನಾಗಾ ಹಾತ್ಸು-ಸಾನ್ ಅವರ ಮನೆಯನ್ನು ಅವನು ಈ ವ್ಯಾಪಾರಕ್ಕೆ ಸೇರಿಸಿರಲಿಲ್ಲ, ಅಥವಾ ಸೇರಿಸಿಲ್ಲವೆಂದು ನಂಬಿಕೊಂಡಿದ್ದ. ಎಪ್ಪತ್ತೆಂಟರ ಒಂಟಿ ಹೆಂಗಸು. ಮಿಠಾಯಿ ಅಂಗಡಿಯಲ್ಲಿ ಮೂವತ್ತು ವರ್ಷ ಪೊಟ್ಟಣ ಕಟ್ಟಿದವರು. ಅವರು ಹಾಕುವ ಗಂಟು ಹೊತ್ತೊಯ್ಯುವಾಗ ಜಪ್ಪಯ್ಯ ಅಂದರೂ ಸಡಿಲವಾಗದು, ಮನೆಗೆ ತಂದು ಒಂದು ತುದಿ ಎಳೆದರೆ ಪಟ್ಟನೆ ಬಿಚ್ಚಿಕೊಳ್ಳುತ್ತದೆ. ದಾರದ ತುದಿಗಳು ಹೊರಗೆ ಕಾಣುವುದಿಲ್ಲ, ಒಳಕ್ಕೆ ಮಡಚಿ ಅಡಗಿಸಿರುತ್ತಾರೆ. ಪ್ರತಿ ವರ್ಷ ಕಾಕಿ ಹಣ್ಣಿನ ಕಾಲದಲ್ಲಿ, ಕಾಯಿದ್ದಾಗ ಒಗರಾಗಿ ಕಳಿತರೆ ಸಿಹಿಯಾಗುವ ಹಿತ್ತಲಿನ ಆ ಕಿತ್ತಳೆ ಬಣ್ಣದ ಹಣ್ಣನ್ನು ಡಬ್ಬಿಗೆ ತುಂಬಿ, ಆ ಗಂಟು ಹಾಕಿ, ಶೋಜಿಯ ಅಂಗಡಿಯ ಬಾಗಿಲ ಹಿಡಿಗೆ ತೂಗುಹಾಕಿ ಹೋಗುತ್ತಾರೆ. ಶೋಜಿ ತುದಿ ಎಳೆದು ಬಿಚ್ಚಿ, ದಾರವನ್ನು ಸುತ್ತಿ ಗಲ್ಲಾದ ಕೆಳಗಿನ ಡ್ರಾಯರಿನಲ್ಲಿಡುತ್ತಾನೆ. ಆ ಡ್ರಾಯರಿನಲ್ಲಿ ಇಪ್ಪತ್ತಾರು ವರ್ಷದ ದಾರ ಇದೆ.

ಆಗಸ್ಟಿನಲ್ಲಿ ಹಾತ್ಸು-ಸಾನ್ ಫೋನ್ ಮಾಡಿದರು.

"ಕರೆಂಟ್ ಅಂಗಡಿಯವ್ರೆ, ಟಿವಿ ತೀರ್‍ಕೊಂಡ್ತು."

"ಯಾವಾಗ?"

"ನಿನ್ನೆ ಸಂಜೆ, ಹವಾಮಾನ ಹೇಳ್ತಾ ಹೇಳ್ತಾ. ನಮ್ಮನೆಯವ್ರಿಗಿಂತ ಚೆನ್ನಾಗಿ ಹೋಯ್ತು ಬಿಡಿ, ಯಾರಿಗೂ ತೊಂದ್ರೆ ಕೊಡ್ಲಿಲ್ಲ."

ಶೋಜಿ ಹೋಗಿ ನೋಡಿದ. ರಿಪೇರಿಗೆ ನಿಲುಕದ್ದು. ಹೊಸದಕ್ಕೆ ಹಾತ್ಸು-ಸಾನ್ ಮೂವತ್ತು ಸಾವಿರ ಯೆನ್ ಎತ್ತಿಟ್ಟಿದ್ದರು, ಪಿಂಚಣಿಯಲ್ಲಿ ಉಳಿಸಿದ್ದು. "ಚಿಕ್ಕದಿದ್ರೆ ಸಾಕು. ಸುಮೋ ಕುಸ್ತಿಯವ್ರು ದಪ್ಪಗೇ ಇರ್ತಾರಲ್ಲ, ಚಿಕ್ಕ ಟಿವೀಲೂ ಕಾಣ್ತಾರೆ" ಎಂದರು.

ಚಿಕ್ಕ ಟಿವಿ ಆರಿಸುವುದು ದೊಡ್ಡದನ್ನು ಆರಿಸುವುದಕ್ಕಿಂತ ಕಷ್ಟ. ದೊಡ್ಡದಕ್ಕೆ ದುಡ್ಡಿದ್ದರೆ ಮುಗಿಯಿತು. ಚಿಕ್ಕದರಲ್ಲಿ ಕಂಪನಿಯವರು ಎಲ್ಲೆಲ್ಲಿ ಕೈ ಬಿಗಿಹಿಡಿದಿದ್ದಾರೆ ಎಂದು ಗೊತ್ತಿರಬೇಕು. ಶೋಜಿ ನಾಲ್ಕು ಸಲ ಅವರ ಮನೆಗೆ ಹೋದ. ಬುತ್ಸುದಾನಿಗೂ, ಅಂದರೆ ಗಂಡನ ಫೋಟೋ ಇಟ್ಟ ಪೂಜೆಯ ಗೂಡಿಗೂ, ಬೀರುವಿಗೂ ನಡುವಿನ ಜಾಗ ಅಳೆದ. ಅರವತ್ತು ಸೆಂಟಿಮೀಟರ್. ಮೂವತ್ತೆರಡು ಇಂಚು ಕೂರುವುದಿಲ್ಲ, ಇಪ್ಪತ್ನಾಲ್ಕು ಕೂರುತ್ತದೆ. ಹಾತ್ಸು-ಸಾನ್ ಕೂರುವುದು ಎದುರಿಗಲ್ಲ, ಓರೆಯಲ್ಲಿ. ಎದುರಿನ ಜಾಗ ತೀರಿಹೋದ ಗಂಡನದು, ಅಲ್ಲಿ ಅವರು ಈಗಲೂ ಕೂರುವುದಿಲ್ಲ. ಅಗ್ಗದ ಟಿವಿಗಳನ್ನು ಓರೆಯಿಂದ ನೋಡಿದರೆ ಬಣ್ಣ ತೊಳೆದು ಹೋದಂತೆ ಕಾಣುತ್ತದೆ. ಇನ್ನು ಅವರ ಎಡಗಿವಿ ಮಂದ. ಮುಕ್ಕಾಲು ಪಾಲು ಚಿಕ್ಕ ಟಿವಿಗಳ ಶಬ್ದ ಹೊರಡುವುದು ಹಿಂದಿನಿಂದ, ಗೋಡೆಗೆ ಕಥೆ ಹೇಳಿದ ಹಾಗೆ.

ಇದನ್ನೆಲ್ಲ ಶೋಧಿಸಿ ಹನ್ನೊಂದು ಮಾದರಿಗಳಲ್ಲಿ ಒಂದನ್ನು ಆರಿಸಿದ. ಓರೆಯಿಂದಲೂ ಬಣ್ಣ ಸರಿ, ಶಬ್ದ ಮುಂದಕ್ಕೆ, ರಿಮೋಟಿನ ಗುಂಡಿ ಹೆಬ್ಬೆರಳಿನಷ್ಟು ದಪ್ಪ. ಅಂಗಡಿಯ ಬೆಲೆ ಮೂವತ್ತೊಂಬತ್ತು ಸಾವಿರದ ಎಂಟುನೂರು. ತನ್ನ ಲಾಭವನ್ನೆಲ್ಲ ಬಿಟ್ಟು ಮೂವತ್ತೈದಕ್ಕೆ ಇಳಿಸಿದ. ಸೆಪ್ಟೆಂಬರಿನ ಸುಮೋ ಪಂದ್ಯಗಳು ತಪ್ಪಬಾರದೆಂದು ಅಂಗಡಿಯಲ್ಲಿದ್ದ ಒಂದು ಟಿವಿಯನ್ನು ಹದಿನೈದು ದಿನ ಅವರ ಮನೆಯಲ್ಲಿಟ್ಟು ಬಂದ. ಅಂಗಡಿಯ ಕಾರ್ಡಿನ ಹಿಂದೆ ಮಾದರಿಯ ನಂಬರನ್ನು ದಪ್ಪಕ್ಷರದಲ್ಲಿ ಬರೆದುಕೊಟ್ಟ.

"ನಿಧಾನಕ್ಕೆ ಯೋಚ್ನೆ ಮಾಡಿ ಹಾತ್ಸು-ಸಾನ್. ನವೆಂಬರ್ ಪಂದ್ಯ ಶುರುವಾಗೋದ್ರೊಳಗೆ ಹೇಳಿದ್ರೆ ಸಾಕು."

"ಹೂಂ, ಯೋಚ್ನೆ ಮಾಡ್ತೀನಿ. ನಿಮ್ಗೆ ಎಷ್ಟು ತೊಂದ್ರೆ ಕೊಟ್ಟೆ ನೋಡಿ."

ಬೇರೆ ಯಾರಾದರೂ ಹೀಗಂದಿದ್ದರೆ ಶೋಜಿ ಅಲ್ಲೇ ಕೈ ತೊಳೆದುಕೊಂಡುಬಿಡುತ್ತಿದ್ದ. ಹಾತ್ಸು-ಸಾನ್ ಆದ್ದರಿಂದ ಮಾಲು ತರಿಸಿ, ಒಳಕೋಣೆಯಲ್ಲಿಟ್ಟು, ಮೇಲೆ ಅವರ ಹೆಸರಿನ ಚೀಟಿ ಅಂಟಿಸಿದ. ಅಕ್ಟೋಬರ್ ಕಳೆಯಿತು, ಫೋನ್ ಬರಲಿಲ್ಲ.

ನವೆಂಬರಿನ ಎರಡನೆಯ ಭಾನುವಾರ, ಗುಡಿಯ ಕೆಳಗಿನ ಕೇರಿಯಲ್ಲಿ ಮನೆಮನೆಯವರು ದಾರ ಕಟ್ಟಿ ತಂದಿಡುವ ಹಳೇ ಪೇಪರು, ರಟ್ಟು ಒಟ್ಟುಮಾಡುವ ಸರದಿ ಶೋಜಿಯ ಭಾಮೈದನದು. ಅವನಿಗೆ ಸೊಂಟ ಹಿಡಿದಿತ್ತು, ಬದಲಿಗೆ ಶೋಜಿ ಹೋದ. ಬೆಳಿಗ್ಗೆ ಏಳಕ್ಕೆ ಕೈಗವಸು ಹಾಕಿಕೊಂಡು ಕಟ್ಟುಗಳನ್ನು ಲಾರಿಗೆ ಎತ್ತಿಕೊಡುತ್ತಿದ್ದವನ ಕೈಗೆ ಮಡಚಿದ ರಟ್ಟಿನ ಪೆಟ್ಟಿಗೆಯೊಂದು ಬಂತು. ಅದರ ಮೇಲಿದ್ದ ಟಿವಿ ಮಾದರಿಯ ನಂಬರು ಅವನಿಗೆ ಮಗಳ ಫೋನ್ ನಂಬರಿನಷ್ಟೇ ಬಾಯಿಪಾಠ. ಅಂಟಿಸಿದ ಟೇಪು ಬೈಪಾಸಿನ ಮಳಿಗೆಯದು. ಆ ಮಾದರಿ ಯಾರು ಬೇಕಾದರೂ ಕೊಳ್ಳಬಹುದು ಅಂದುಕೊಂಡು ಪೆಟ್ಟಿಗೆ ತಿರುಗಿಸಿದ. ಗಂಟು ಕಂಡಿತು. ತುದಿಗಳು ಒಳಕ್ಕೆ ಮಡಚಿದ್ದವು.

"ಏನ್ ಕೋಮೋತೊ-ಸಾನ್, ಪೆಟ್ಟಿಗೆ ಮನೆಗೆ ತಗೊಂಡೋಗ್ತೀರಾ?" ಎಂದ ಲಾರಿಯವನು.

"ಇಲ್ಲ. ಗಂಟು ಬಿಗಿಯಾಗಿದೆಯಾ ನೋಡ್ತಿದ್ದೆ."

ಹಾತ್ಸು-ಸಾನ್ ಅವರ ಕೇರಿಯ ರಟ್ಟು ಹಾಕುವ ಜಾಗ ಅವರ ಗೇಟಿನ ಎದುರಿಗೇ ಇದೆ, ಶೋಜಿಯ ಅಂಗಡಿಗೆ ಹೋಗುವ ದಾರಿಯಲ್ಲಿ. ಅಲ್ಲಿ ಹಾಕದೆ, ಮಂಡಿನೋವಿನ ಹೆಂಗಸು ಆ ಪೆಟ್ಟಿಗೆಯನ್ನು ಎರಡು ಕೇರಿ ದಾಟಿಸಿ, ಗುಡಿಯ ಇಳಿಜಾರಿನಲ್ಲಿ ಇಳಿಸಿ ತಂದಿದ್ದರು. ಕತ್ತಲಿರುವಾಗಲೇ ತಂದಿರಬೇಕು. ಕಮ್ಮಿ ಬೆಲೆಗೆ ಕೊಂಡದ್ದನ್ನು ಶೋಜಿ ಕ್ಷಮಿಸಬಲ್ಲವನಾಗಿದ್ದ, ಅದು ವ್ಯಾಪಾರ. ಬೇರೆ ಯಾವುದೋ ಟಿವಿ ಕೊಂಡಿದ್ದರೂ ನಕ್ಕು ಸುಮ್ಮನಾಗುತ್ತಿದ್ದ. ಆದರೆ ಅವನ ಕೈಬರಹದ ಕಾರ್ಡನ್ನೇ ಆ ಮಳಿಗೆಯ ಹುಡುಗನ ಮುಂದೆ ಹಿಡಿದು "ಇದು ಕೊಡಪ್ಪಾ" ಅಂದಿದ್ದಾರೆ. ಆಮೇಲೆ ಅವನಿಂದ ಬಚ್ಚಿಟ್ಟಿದ್ದಾರೆ, ಕಳ್ಳಮಾಲನ್ನು ಬಚ್ಚಿಟ್ಟ ಹಾಗೆ.

ಮನೆಗೆ ಬಂದು ಹೆಂಡತಿ ಮಿತ್ಸುಯೊಗೆ ಹೇಳಿದ. ಅವಳು ಮಿಸೊ ಸಾರಿಗೆ ಈರುಳ್ಳಿಸೊಪ್ಪು ಹೆಚ್ಚುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

"ಏನ್ರೀ, ಒಂದು ಕೇಳ್ತೀನಿ. ಇಪ್ಪತ್ತಾರು ವರ್ಷ ಬಲ್ಬ್ ಹಾಕಿದ್ದು ಪ್ರೀತಿಗೋ, ಟಿವಿ ಮಾರೋಕೋ?"

"ಪ್ರೀತಿಗೆ."

"ಹಂಗಾದ್ರೆ ಯಾಕೆ ಮುಖ ಹಿಂಗಿದೆ?"

ಶೋಜಿ ಒಳಕೋಣೆಗೆ ಹೋಗಿ ಪೆಟ್ಟಿಗೆಯ ಮೇಲಿನ ಚೀಟಿ ಕಿತ್ತ. ಅಂಟು ಅರ್ಧ ಅಲ್ಲೇ ಉಳಿಯಿತು.

ಅದಾದ ಮೇಲೆ ಹಾತ್ಸು-ಸಾನ್ ಯಾವುದಕ್ಕೂ ಫೋನ್ ಮಾಡಲಿಲ್ಲ. ಹತ್ತು ದಿನದಲ್ಲಿ ಅವರ ಮುಂಬಾಗಿಲ ದೀಪ ಹೋಯಿತು. ಸಂಜೆ ಆ ದಾರಿಯಲ್ಲಿ ಓಡಾಡುವಾಗ ಶೋಜಿ ನೋಡುತ್ತಿದ್ದ. ಅವನನ್ನು ಕರೆದರೆ ಟಿವಿ ಕಾಣುತ್ತದೆ, ಕರೆಯದಿದ್ದರೆ ಕತ್ತಲು. ಹಾತ್ಸು-ಸಾನ್ ಕತ್ತಲನ್ನೇ ಆರಿಸಿಕೊಂಡಿದ್ದರು. ಐದನೆಯ ಸಂಜೆ ಶೋಜಿ ಏಣಿ ತೆಗೆದುಕೊಂಡು ಹೊರಟ. ದೀಪಕ್ಕೆಂದೋ, ತಮಾಷೆ ನೋಡಲೆಂದೋ ಅವನಿಗೇ ಸ್ಪಷ್ಟವಿರಲಿಲ್ಲ.

ಗಂಟೆ ಒತ್ತಿದಾಗ ಒಳಗೆ ಸುಮೋ ಅಂಕಣದ ಗದ್ದಲ ಕೇಳುತ್ತಿತ್ತು, ತಟ್ಟನೆ ನಿಂತಿತು. ಬಾಗಿಲು ತೆರೆಯುವುದಕ್ಕೆ ಬಹಳ ಹೊತ್ತಾಯಿತು.

"ಅಯ್ಯೋ ಕರೆಂಟ್ ಅಂಗಡಿಯವ್ರೆ, ನೀವ್ಯಾಕೆ ಬರೋಕೆ ಹೋದ್ರಿ."

"ಬಲ್ಬು ಹೋಗಿದೆ ಅಂತ ದಾರಿಯಿಂದ ಕಾಣ್ತು. ಸ್ವಿಚ್ಚೂ ಒಂದ್ಸಲ ನೋಡ್ಬೇಕು, ಒಳಗೆ ಬರ್ಲಾ?"

ಬೇಡವೆನ್ನಲಾಗದೆ ಅವರು ಪಕ್ಕಕ್ಕೆ ಸರಿದರು. ಸ್ವಿಚ್ಚು ಟಿವಿಯ ಕೋಣೆಯ ಬಾಗಿಲ ಪಕ್ಕದಲ್ಲೇ ಇತ್ತು. ಬುತ್ಸುದಾನಿಗೂ ಬೀರುವಿಗೂ ನಡುವೆ ಏನೋ ಒಂದರ ಮೇಲೆ ಸಾಮಾನು ಗಂಟುಕಟ್ಟುವ ನೇರಳೆ ಬಟ್ಟೆ ಹೊದಿಸಿತ್ತು. ಬಟ್ಟೆಯ ಅಡಿಯಿಂದ ಚಿಕ್ಕದೊಂದು ಕೆಂಪು ದೀಪ ಇಣುಕುತ್ತಿತ್ತು. ಇಬ್ಬರೂ ಅದನ್ನು ನೋಡಿದರು, ಇಬ್ಬರೂ ನೋಡಲಿಲ್ಲ.

"ಈ ಸಲ ಚಳಿ ಬೇಗ ಬಂತು" ಎಂದ ಶೋಜಿ.

"ಹೌದು, ಬೇಗ ಬಂತು. ಆ ಟಿವಿ ವಿಷ್ಯ... ಈ ವರ್ಷ ಬೇಡ ಅಂತ ಮಾಡ್ದೆ. ರೇಡಿಯೋನೇ ಸಾಕಾಗುತ್ತೆ. ನಿಮ್ಗೆ ಹೇಳೋಣ ಅಂತಿದ್ದೆ."

ಇಲ್ಲಿಯವರೆಗೆ ಅವರು ಮುಚ್ಚಿಟ್ಟಿದ್ದರಷ್ಟೆ. ಈಗ ಮುಖ ನೋಡಿಕೊಂಡು ಸುಳ್ಳು ಹೇಳಿದರು, ಗಂಡನ ಫೋಟೋದ ಎದುರಿಗೆ. ಆ ಫೋಟೋದ ಮೇಲಿನ ಪುಟ್ಟ ದೀಪ ಹಾಕಿಕೊಟ್ಟವನೂ ಶೋಜಿಯೇ.

"ಒಳ್ಳೇದಾಯ್ತು ಬಿಡಿ, ರೇಡಿಯೋ ಕಣ್ಣಿಗೂ ಹಿತ" ಎಂದ.

ಹೊರಗೆ ಏಣಿ ಹಾಕಿ ಬಲ್ಬು ತಿರುಗಿಸಿದ. ಬೆಳಕು ಬಂತು. ಹಾತ್ಸು-ಸಾನ್ ಚಹಾ ಕುಡಿದು ಹೋಗಿ ಎಂದರು, ಅವನು ಒಲ್ಲೆ ಎಂದ. ಏಣಿ ಮಡಚುವಾಗ ಒಳಗೆ ಆ ಬಟ್ಟೆ ಮುಂದಕ್ಕೆ ಹೇಗೆ ಇಳಿಬಿದ್ದಿತ್ತು ಎಂಬುದು ಕಣ್ಣಮುಂದೆ ಬಂತು. ಅದರೊಳಗಿನದು ಮುಂದಕ್ಕೆ ವಾಲಿತ್ತು. ಟಿವಿಯ ಎಡಗಾಲು ಬಲಕ್ಕೆ, ಬಲಗಾಲು ಎಡಕ್ಕೆ ಸಿಕ್ಕಿಸಿದ್ದಾರೆ. ಬೈಪಾಸಿನವರು ಪೆಟ್ಟಿಗೆ ಕೊಡುತ್ತಾರೆ, ಕಾಲು ಹಾಕಿಕೊಡುವುದಿಲ್ಲ. ಎರಡು ಸ್ಕ್ರೂ, ಎರಡು ನಿಮಿಷದ ಕೆಲಸ. ಸ್ಕ್ರೂಡ್ರೈವರ್ ಜೇಬಿನಲ್ಲೇ ಇತ್ತು. ಅವನು ಅದನ್ನು ಹೊರಗೆ ತೆಗೆಯಲಿಲ್ಲ.

ಗೇಟಿನವರೆಗೆ ಹೋಗಿ ತಿರುಗಿ ನಿಂತ.

"ಹಾತ್ಸು-ಸಾನ್, ನಿಮ್ಮ ರೇಡಿಯೋಗೆ ಕಾಲು ಅದಲು ಬದಲಾಗಿದೆ. ಬೀಳುತ್ತೆ, ಹುಷಾರು. ಬಟ್ಟೇನೂ ತೆಗೀರಿ, ಬಿಸಿಯಾಗುತ್ತೆ."

ಹೊಸ ಬಲ್ಬಿನ ಬೆಳಕು ಅವರ ಮುಖದ ಮೇಲೆ ನೇರವಾಗಿ ಬೀಳುತ್ತಿತ್ತು. ಅವರು ತಲೆ ಬಗ್ಗಿಸಿದರು, ಶೋಜಿ ಕೇರಿಯ ತಿರುವು ದಾಟುವವರೆಗೂ ಎತ್ತಲಿಲ್ಲ. ದಾರಿಯುದ್ದಕ್ಕೂ ಅವನು ತಾನು ಹೇಳಿದ್ದು ಅವರ ಒಳ್ಳೆಯದಕ್ಕೇ ಎಂದುಕೊಂಡ. ಅಂಗಡಿಯ ಷಟರ್ ಎಳೆಯುವ ಹೊತ್ತಿಗೆ ಅದು ಸುಳ್ಳೆಂದು ಅವನಿಗೇ ತಿಳಿದಿತ್ತು.

ವಾರ ಕಳೆದು ಅಂಗಡಿಯ ಬಾಗಿಲ ಹಿಡಿಯಲ್ಲಿ ಡಬ್ಬಿ ತೂಗುತ್ತಿತ್ತು. ಕಾಕಿ ಹಣ್ಣು, ಈ ಸಲ ಎರಡರಷ್ಟು. ಅದೇ ಗಂಟು. ಮಿತ್ಸುಯೊ ತುದಿ ಎಳೆಯಲು ಕೈ ಚಾಚಿದಳು. ಶೋಜಿ ಅವಳಿಗಿಂತ ಮೊದಲು ಗಲ್ಲಾದ ಮೇಲಿದ್ದ ಕತ್ತರಿ ತೆಗೆದುಕೊಂಡು ದಾರವನ್ನು ಮಧ್ಯಕ್ಕೆ ಕತ್ತರಿಸಿ, ಕಸದ ಬುಟ್ಟಿಗೆ ಹಾಕಿದ.

"ಹಣ್ಣು ತಿನ್ತೀರೋ, ಅದೂ ಬುಟ್ಟಿಗೋ?" ಎಂದಳು ಮಿತ್ಸುಯೊ.

ಒಂದು ತಿಂದ. ಚೆನ್ನಾಗಿ ಕಳಿತು ಸಿಹಿಯಾಗಿತ್ತು. "ಒಗರು" ಎಂದ.