ತೈಸ್ತೊ ಅಂಟಿಸಿದ ನಾಲ್ಕು ಟೇಪು

ಉತ್ತರದ ಹಿಮದ ನಾಡಿನ ಕುಹ್ಮೊ ಊರಲ್ಲಿ ಯಾರದೇ ಕಾರಿನ ಸ್ಟೀರಿಂಗ್ ಚರ್ಮ ಸವೆದರೂ ಹೋಗುತ್ತಿದ್ದುದು ತೈಸ್ತೊ ಮೊಯ್ಲನೆನ್ ಹತ್ತಿರವೇ. ನಲವತ್ತು ವರ್ಷ ಓಟದ ಕುದುರೆಗಳಿಗೆ ಜೀನು, ಲಗಾಮು ಹೊಲಿದ ಕೈ ಅದು. ಕುದುರೆ ಸಾಕುವವರು ಕಡಿಮೆಯಾದ ಮೇಲೆ ಅದೇ ದಬ್ಬಣ, ಅದೇ ಮೇಣ ಹಚ್ಚಿದ ದಾರ ಹಿಡಿದು ಸ್ಟೀರಿಂಗ್ ಕೆಲಸಕ್ಕೆ ಇಳಿದ. ಅವನ ಗುಟ್ಟು ಊರಿಗೆಲ್ಲ ಗೊತ್ತು. ಶನಿವಾರ ಮನೆಮಂದಿಯ ಬೆವರುಸ್ನಾನ ಮುಗಿದು ಸೌನಾ ಕೋಣೆ ಆರುತ್ತಾ ಬಂದಾಗ ಚರ್ಮವನ್ನು ಒಯ್ದು ಮೇಲಿನ ಹಲಗೆಯ ಮೇಲೆ ಹಾಸುತ್ತಾನೆ. ಆ ಹದವಾದ ಬಿಸಿಗೆ ಅದು ಎಷ್ಟು ಮೆತ್ತಗಾಗುತ್ತದೆ ಅಂದರೆ, ಸುತ್ತಿ ಹೊಲಿದ ಮೇಲೆ ಹುಡುಕಿದರೂ ಒಂದು ಸುಕ್ಕು ಸಿಗುವುದಿಲ್ಲ. ಕಾರು ಒಯ್ಯಲು ಬಂದವರಿಗೆ, "ನಿನಗಿಂತ ನಿನ್ನ ಸ್ಟೀರಿಂಗೇ ಚೆನ್ನಾಗಿ ಬೆವರಿದೆ ನೋಡು" ಅನ್ನುತ್ತಿದ್ದ. ಈಚೆಗೆ ಅದೇ ಮಾತನ್ನು ಒಬ್ಬರಿಗೇ ಎರಡು ಸಲ ಹೇಳುತ್ತಿದ್ದ. ಅವರು ಎರಡು ಸಲವೂ ನಗುತ್ತಿದ್ದರು.

ಅದೇ ಶೆಡ್ಡಿನ ಇನ್ನರ್ಧದಲ್ಲಿ ರೈಲಿ ಕಾರುಗಳ ವೈರಿಂಗ್ ಕೆಲಸ ಮಾಡುತ್ತಾಳೆ. ಇಬ್ಬರಿಗೂ ಹತ್ತೊಂಬತ್ತು ವರ್ಷದಿಂದ ಒಂದೇ ಕಾಫಿ ಪಾತ್ರೆ. ಸ್ಟೀರಿಂಗ್ ಬಿಚ್ಚುವ ಮೊದಲು ಬ್ಯಾಟರಿ ತೆಗೆಯಬೇಕು, ಚಕ್ರ ನೇರ ಇರಬೇಕು, ಸ್ಟೀರಿಂಗ್ ಹಿಂದಿರುವ ವೈರಿನ ಉಂಗುರ ತಿರುಗದ ಹಾಗೆ ಟೇಪು ಹಚ್ಚಬೇಕು ಎಂದು ಅವನಿಗೆ ಕಲಿಸಿಕೊಟ್ಟವಳು ಅವಳೇ. ಒಂದು ಸಲ ತೋರಿಸಿದ್ದಷ್ಟೆ. ಆಮೇಲೆ ಒಂದು ಕಾರೂ ವಾಪಸು ಬಂದಿರಲಿಲ್ಲ.

ಮಾರ್ಚಿನ ಒಂದು ಮಂಗಳವಾರ ಬಂತು. ಶಾಲೆಯ ಮಕ್ಕಳನ್ನು ಟ್ಯಾಕ್ಸಿಯಲ್ಲಿ ಬಿಡುವ ಐರಿ ಬಾಗಿಲಲ್ಲಿ ನಿಂತು ಬೂಟಿನ ಹಿಮ ಒದರಿದಳು.

"ಎಲ್ಲಿ ನಿಮ್ ಮುದುಕ? ಹಾರ್ನ್ ಒತ್ತಿದ್ರೆ ಉಸಿರೇ ಇಲ್ಲ. ರಸ್ತೆ ಮಧ್ಯ ಹಿಮಸಾರಂಗ ನಿಂತಿತ್ತು, ಕಿಟಕಿ ಇಳ್ಸಿ ಬೈದು ಓಡಿಸ್ದೆ."

ತೈಸ್ತೊ ಬನ್ ತರಲು ಅಂಗಡಿಗೆ ಹೋಗಿದ್ದ. ಐರಿ ನಡೆದದ್ದನ್ನು ಹೇಳಿದಳು. ಹೊಸ ಚರ್ಮ ಹಾಕಿಸಿಕೊಂಡು ಹೋದದ್ದು ನಿನ್ನೆ, ಆಗ ಎಲ್ಲ ಸರಿಯಿತ್ತು. ಈವತ್ತು ಬೆಳಿಗ್ಗೆ ಶಾಲೆ ಮುಂದೆ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಒಳಗೆ ಟಕ್ ಅಂತು. ಆಮೇಲೆ ಹಾರ್ನ್ ಇಲ್ಲ, ಸ್ಟೀರಿಂಗ್ ಮೇಲಿನ ರೇಡಿಯೋ ಗುಂಡಿಗಳು ಸತ್ತಿವೆ, ಏರ್‌ಬ್ಯಾಗಿನ ಕೆಂಪು ದೀಪ ಆರುತ್ತಿಲ್ಲ. ಮಕ್ಕಳನ್ನು ಇದರಲ್ಲಿ ಕೂರಿಸಬೇಡ ಅಂದ ರೈಲಿ, ತನ್ನ ಸ್ವಂತ ಕಾರಿನ ಬೀಗದ ಕೈ ಕೊಟ್ಟು ಕಳಿಸಿದಳು.

ಫ್ಯೂಸ್ ನೋಡಿದಳು, ಸುಟ್ಟಿರಲಿಲ್ಲ. ಹಾರ್ನಿಗೆ ಬ್ಯಾಟರಿಯಿಂದ ನೇರ ವೈರು ಕೊಟ್ಟಳು, ಶೆಡ್ಡೆಲ್ಲ ಅದುರುವ ಹಾಗೆ ಕೂಗಿತು. ಮೂರೂ ಒಟ್ಟಿಗೆ ಕೆಟ್ಟಿವೆ ಅಂದರೆ ಮೂರಕ್ಕೂ ಸೇರಿದ ದಾರಿಯೇ ಕಡಿದಿರಬೇಕು. ಅಂಥ ದಾರಿ ಇರುವುದು ಒಂದೇ, ಸ್ಟೀರಿಂಗ್ ಹಿಂದಿನ ಉಂಗುರದೊಳಗೆ ಗಡಿಯಾರದ ಸ್ಪ್ರಿಂಗಿನಂತೆ ಸುತ್ತಿಕೊಂಡ ತೆಳು ಪಟ್ಟಿ. ಅದನ್ನು ಸರಿಯಾಗಿ ನಡುವಿನಲ್ಲಿಟ್ಟು ಕೂರಿಸದಿದ್ದರೆ, ಪೂರ್ತಿ ತಿರುಗಿಸಿದಾಗ ಎಳೆದು ಹರಿಯುತ್ತದೆ. ಹೊರಗಿನ ಕನೆಕ್ಟರ್ ಸಡಿಲವಾಗಿದ್ದರೆ ಸಾಕಪ್ಪ ಅಂದುಕೊಂಡು ರೈಲಿ ಅದನ್ನು ಮುಟ್ಟಿದಳು. ಬಿಗಿಯಾಗೇ ಇತ್ತು.

ಬ್ಯಾಟರಿ ತೆಗೆದು, ಏರ್‌ಬ್ಯಾಗಿನಲ್ಲಿ ಉಳಿದ ವಿದ್ಯುತ್ ಇಳಿಯಲೆಂದು ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ಕಾದು, ಸ್ಟೀರಿಂಗ್ ಬಿಚ್ಚಿದಳು. ಉಂಗುರದ ಮೇಲೆ ಟೇಪಿನ ತುಂಡು ಇತ್ತು. ತೈಸ್ತೊನ ಪೆನ್ಸಿಲ್ ಅಕ್ಷರದಲ್ಲಿ "ನಡು" ಅಂತ ಬರೆದಿತ್ತು. ಅದರ ಕೆಳಗೆ ಇನ್ನೊಂದು ತುಂಡು. ಅದರಲ್ಲೂ ನಡು. ಒಂದರ ಮೇಲೊಂದು ನಾಲ್ಕು. ಪ್ರತಿ ಸಲವೂ ಅವನು ಹಿಂದಿನ ಗುರುತನ್ನು ಮರೆತು, ಆ ಟೇಪನ್ನು ಕಡಿದು, ಉಂಗುರ ತಿರುಗಿಸಿ ಹೊಸದಾಗಿ ನಡು ಹುಡುಕಿದ್ದ.

ಅಷ್ಟರಲ್ಲಿ ತೈಸ್ತೊ ಬನ್ನಿನ ಪೊಟ್ಟಣ ಹಿಡಿದು ಬಂದ. ಬೆಳಿಗ್ಗೆ ಅವನೇ ತಂದ ಪೊಟ್ಟಣ ಇನ್ನೂ ಬಿಚ್ಚದೆ ಮೇಜಿನ ಮೇಲೇ ಇತ್ತು. ಕೈಯಲ್ಲಿದ್ದುದನ್ನು ಅದರ ಪಕ್ಕ ಇಟ್ಟು ಎರಡನ್ನೂ ನೋಡಿದ. ಆಮೇಲೆ ಬಂದು ಐರಿಯ ಕಾರಿನಲ್ಲಿ ರೈಲಿಯ ಪಕ್ಕದ ಸೀಟಿಗೆ ಕೂತು ಬಾಗಿಲು ಎಳೆದುಕೊಂಡ. ಕುಹ್ಮೊದವರು ಭಾರದ ಮಾತನ್ನು ಹೀಗೇ ಆಡುವುದು, ಅಕ್ಕಪಕ್ಕ ಕೂತು, ಮುಂದೆ ನೋಡುತ್ತಾ.

"ಪಟ್ಟಿ ಹರಿದಿದೆ," ಅಂದಳು ರೈಲಿ. "ಹಳೇದಾಗಿತ್ತು ಬಿಡು."

"ಟೇಪ್ ತೋರ್ಸು."

ಅವಳು ಟೇಪು ಕಿತ್ತು ಹಿಡಿದಿದ್ದ ಮುಷ್ಟಿ ಬಿಚ್ಚಿದಳು. ಅವನು ಬೆರಳಿನಿಂದ ಒಂದೊಂದೇ ಬಿಡಿಸಿದ.

"ಏನಾದ್ರೂ ಗುದ್ದಿದ್ರೆ ಏರ್‌ಬ್ಯಾಗ್ ಬಿಚ್ಕೊಳ್ತಿರ್ಲಿಲ್ಲ, ಅಲ್ವಾ?"

"ಇಲ್ಲ."

ಅವನು ನಾಲ್ಕು ತುಂಡನ್ನೂ ಮಂಡಿಯ ಮೇಲೆ ಸಾಲಾಗಿ ಅಂಟಿಸಿದ.

"ಹೋದ ಅಕ್ಟೋಬರ್‌ನಿಂದ ಗೊತ್ತು ನಂಗೆ," ಅಂದ ತೈಸ್ತೊ. "ಅದಕ್ಕೇ ಬರ್ದಿಡ್ತಿದ್ದೆ. ಬರ್ದಿದ್ದೇ ಮರ್ತೋಗತ್ತೆ ಅಂತ ಗೊತ್ತಿರ್ಲಿಲ್ಲ."

ಮರುದಿನ ದೊಡ್ಡ ಪಟ್ಟಣ ಕಯಾನಿಯ ಗುಜರಿಯಿಂದ ಅದೇ ಮಾದರಿಯ ಉಂಗುರ ಬಂತು. ತಾನೇ ಕೂರಿಸುತ್ತೇನೆ, ನೀನು ನೋಡುತ್ತಿರು ಎಂದು ತೈಸ್ತೊ ಕೇಳಿಕೊಂಡ. ರೈಲಿ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. ಅವನು ಉಂಗುರವನ್ನು ಮೆತ್ತಗೆ, ತಡೆ ಸಿಗುವವರೆಗೆ ತಿರುಗಿಸಿದ. ಅಲ್ಲಿಂದ ಎರಡೂವರೆ ಸುತ್ತು ವಾಪಸು ಬಂದರೆ ನಡು. ಒಂದು ಅಂದ. ತಿರುಗಿಸಿದ. ಬೆರಳು ನಿಂತಿತು. ತುಟಿ ಅಲ್ಲಾಡಿತು, ಅಂಕಿ ಬರಲಿಲ್ಲ. ಬದುಕೆಲ್ಲ ಹೊಲಿಗೆ ಎಣಿಸಿದವನು.

"ರೈಲಿ, ನೀನೆಣ್ಸು."

ಮತ್ತೆ ಮೊದಲಿಂದ ಶುರು ಮಾಡಿದರು. ಅವನು ತಿರುಗಿಸಿದ, ಅವಳು ಜೋರಾಗಿ ಎಣಿಸಿದಳು. ಎರಡೂವರೆ ಸುತ್ತಾದಾಗ ಅವನು ಟೇಪು ಹಚ್ಚಿ, ಪೆನ್ಸಿಲನ್ನು ಅವಳಿಗೇ ಕೊಟ್ಟ.

ಮಧ್ಯಾಹ್ನ ಐರಿ ಬಂದು ಕಾರು ತೆಗೆದುಕೊಂಡಳು. ದೀಪ ಆರಿತ್ತು. ಗೇಟಿನಲ್ಲಿ ಎರಡು ಸಲ ಹಾರ್ನ್ ಹೊಡೆದಳು. ತೈಸ್ತೊ ಕಿಟಕಿಯಲ್ಲಿ ನಿಂತು ಕೈ ಎತ್ತಿದ. ಆಮೇಲೆ ಹೊಲಿಗೆಗೆ ಬಂದು ಕಾಯುತ್ತಿದ್ದ ಎರಡು ಸ್ಟೀರಿಂಗುಗಳನ್ನು ಹೊಲಿಯದೆಯೇ ವಾಪಸು ಕೊಡಲೆಂದು ಕಾಗದದಲ್ಲಿ ಸುತ್ತಿ, ಯಾರವು ಅನ್ನುವುದನ್ನು ರೈಲಿಯಿಂದಲೇ ಬರೆಸಿದ. ಸೋಮವಾರ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೀಯಾ ಎಂದು ಕೇಳಿದ. ಅದನ್ನೇ ಸಂಜೆ ಬಾಗಿಲು ಹಾಕುವಾಗ ಇನ್ನೊಮ್ಮೆ ಕೇಳಿದ. ರೈಲಿ ಎರಡು ಸಲವೂ ಹೂಂ ಅಂದಳು.

ಆ ಶನಿವಾರ ಅವನ ಸೌನಾ ಎಂದಿನಂತೆ ಕಾದು, ಎಂದಿನಂತೆ ಆರಿತು. ಮೇಲಿನ ಹಲಗೆಯ ಮೇಲೆ ಏನೂ ಇರಲಿಲ್ಲ.