ಕುದುರೆಯ ಬೆನ್ನಿಗಿದ್ದ ಕಿಟಕಿ

ನನ್ನನ್ನು ಚಿತ್ತಾಪುರಕ್ಕೆ ಕೊಟ್ಟಾಗ ಅಪ್ಪ ಜೊತೆಗೆ ಒಂದು ಕೆಂಪು ಹೆಣ್ಣುಕುದುರೆಯನ್ನೂ ಕೊಟ್ಟ. ನಿಜಾಮರ ಕಾಲ ಅದು. ಚಿಂಚೋಳಿಯ ಆಚೆ, ಗುಡ್ಡದ ಮಗ್ಗುಲಲ್ಲಿದ್ದ ನಮ್ಮೂರಿಗೆ ರೈಲಿಲ್ಲ, ಮೋಟಾರಿಲ್ಲ. “ಪ್ರತಿ ನಾಗರ ಪಂಚಮಿಗಿ ಟಾಂಗಾ ಹೂಡಿಸ್ಕೊಂಡು ಬಾ ಯವ್ವಾ. ದಾರಿ ಅದಕ್ಕ ಗೊತ್ತದ,” ಎಂದಿದ್ದ.

ಗಂಡನ ಮನೆಯವರು ಕೆಟ್ಟವರಲ್ಲ. ಆದರೆ ನನ್ನ ಮಾತಿನಲ್ಲಿ ತೆಲುಗು ಬೆರೆತಿತ್ತು. ಬಾಯಿ ತೆರೆದರೆ ನಾದಿನಿಯರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಬಾಯಿಗೆ ಬೀಗ ಹಾಕಿಕೊಂಡೆ. ಮಾವನ ಎದುರಂತೂ ಸೊಸೆ ಮಾತಾಡುವ ರೂಢಿಯೇ ಇರಲಿಲ್ಲ, ಏನಿದ್ದರೂ ಅತ್ತೆಯ ಮೂಲಕ.

ಮಧ್ಯಾಹ್ನ ಎಲ್ಲರೂ ಅಡ್ಡಾದಾಗ ನಾನು ಹಿಂದಿನ ಕೋಣೆಯ ಕಿಟಕಿಗೆ ಬಂದು ಕೂರುತ್ತಿದ್ದೆ. ಆಚೆಗೇ ಕುದುರೆ ಲಾಯ. ಎದುರು ಗೋಡೆಯ ಮೇವಿನ ಗೋದಲಿಗೆ ಮುಖ ಮಾಡಿ, ನನಗೆ ಬೆನ್ನು ಕೊಟ್ಟು ಕುದುರೆ ನಿಂತಿರುತ್ತಿತ್ತು. ಬಂದ ಹೊಸದರಲ್ಲಿ ಯಾರಿಗೋ ಒದ್ದಿತ್ತೆಂದು ಬಲಗಡೆಯ ಹಿಂಗಾಲನ್ನು ಹಗ್ಗದಿಂದ ಗೂಟಕ್ಕೆ ಕಟ್ಟಿದ್ದರು. ನಾನು ನಮ್ಮೂರ ಮಾತಿನಲ್ಲೇ ಅದಕ್ಕೆ ಹೇಳುತ್ತಿದ್ದೆ: ಅವ್ವನ ಕೈಯ ಪುಂಡಿಪಲ್ಯ, ಹಳ್ಳದ ನೀರು, ತಮ್ಮನ ತಂಟೆ. ಅದು ಕಿವಿ ನಿಮಿರಿಸಿ, ಮೈಯನ್ನೇ ಬಾಗಿಸಿ, ಹಿಂದಕ್ಕೆ ತಿರುಗಿ ನನ್ನನ್ನು ನೋಡುತ್ತಿತ್ತು. ಅಷ್ಟು ಸಾಕಾಗಿತ್ತು ನನಗೆ.

ಪಂಚಮಿಗೆ ಇನ್ನೊಂದು ತಿಂಗಳಿದೆ ಎನ್ನುವಾಗ ಕುದುರೆ ಬಲ ಹಿಂಗಾಲು ಎಳೆದು ಕುಂಟತೊಡಗಿತು. ಲಾಳ ಕಟ್ಟುವವನು ಬಂದು ಲಾಳ ಕಿತ್ತು ನೋಡಿದ. ಒಳಗೆ ಹರಳಿಲ್ಲ, ಮೊಳೆ ಚುಚ್ಚಿಲ್ಲ. ಅತ್ತೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದರು. ಕೊನೆಗೆ ಮಾವ ಶಹಾಬಾದಿನಿಂದ ಕುದುರೆ ವೈದ್ಯ ಮಾಡುವ ಮುದುಕ ಸಾಬರನ್ನು ಕರೆಸಿದರು. ಅವರು ಗೊರಸಿನಿಂದ ತೊಡೆಯವರೆಗೆ ಬೆರಳಾಡಿಸಿದರು, ಕಾಲು ಮಡಿಚಿ ಬಿಟ್ಟರು, ಅಂಗಳದಲ್ಲಿ ನಡೆಸಿದರು. ಬಿಸಿಯಿಲ್ಲ, ಬಾವಿಲ್ಲ. ಎಂಟು ದಿನ ನೋಡೋಣ ಎಂದು ಹೋದರು.

ಆ ಎಂಟು ದಿನಗಳಲ್ಲಿ ನನಗೆ ಜ್ವರ ಬಂತು. ಐದು ದಿನ ಮೇಲೇಳಲಿಲ್ಲ. ಕುದುರೆ ನೆಟ್ಟಗೆ ನಡೆಯಲಿಕ್ಕೆ ಹತ್ತಿದೆ ಎಂದು ನಾದಿನಿ ಬಂದು ಹೇಳಿದಳು. ಎದ್ದವಳೇ ಕಿಟಕಿಗೆ ಹೋಗಿ ಐದು ದಿನದ ಮಾತನ್ನೆಲ್ಲ ಒಮ್ಮೆಲೇ ಆಡಿದೆ. ಸಂಜೆ ಅದು ಮತ್ತೆ ಕುಂಟಿತು.

ಸಾಬರು ಮತ್ತೆ ಬಂದರು. ಪಡಸಾಲೆಯಲ್ಲಿ ಅವರ ದನಿ ಒಳಗೆ ಕೇಳುತ್ತಿತ್ತು.

“ಮುಂಜಾನಿ ಚಂದ ನಡೀತಾದ, ಸಂಜಿಗಿ ಕುಂಟ್ತಾದ. ನಡುವ ಏನಾಗ್ತಾದ್ರಿ ಗೌಡ್ರ?”

“ಏನೂ ಇಲ್ರಿ ಸಾಬ್ರ. ಕಟ್ಟಿದಲ್ಲೇ ನಿಂತಿರ್ತಾದ,” ಎಂದರು ಮಾವ.

“ಹಂಗಾದ್ರ ಬರಿ ಹಾಕೋದೇ. ನಾಳಿ ಮುಂಜಾನಿ ಕಬ್ಬಿಣ ಕಾಯಿಸಿ ಇಡ್ರಿ.”

ಕೈಯಲ್ಲಿದ್ದ ಮೊರ ಕೆಳಗಿಟ್ಟೆ. ನಡುವೆ ಏನಾಗುತ್ತದೆಂದು ಆ ಮನೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ನನ್ನ ದನಿಗೆ ಅದು ತಿರುಗುತ್ತಿತ್ತು, ಕಟ್ಟಿದ ಕಾಲು ಮಾತ್ರ ತಿರುಗುತ್ತಿರಲಿಲ್ಲ. ದಿನಾ ತಿರುಚಿ ತಿರುಚಿ ಒಳಗೆಲ್ಲೋ ಉಳುಕಿತ್ತು. ಹೇಳಿದರೆ ಸೊಸೆ ಕುದುರೆಯ ಮುಂದೆ ತವರಿಗಾಗಿ ಅಳುತ್ತಾಳೆಂದು ಮನೆಯೆಲ್ಲ ನಗುತ್ತದೆ. ಹೇಳದಿದ್ದರೆ ನನ್ನ ತಪ್ಪಿಗೆ ಅದರ ತೊಡೆ ಸುಡುತ್ತದೆ. ಸೆರಗು ಎಳೆದುಕೊಂಡು ಪಡಸಾಲೆಯ ಬಾಗಿಲಿಗೆ ಬಂದೆ.

“ಬರಿ ಹಾಕಬ್ಯಾಡ್ರಿ ಮಾವ. ಮಧ್ಯಾನ ನಾ ಕಿಟಕ್ಯಾಗ ಕುಂತು ಮಾತಾಡ್ತೀನಿ. ಅದು ನನ್ನ ಕಡಿ ತಿರಗತಾದ.”

ನಾದಿನಿ ಕಿಸಕ್ಕೆಂದಳು. ಸಾಬರು ನಗಲಿಲ್ಲ. ಎದ್ದು ಹೋಗಿ ಲಾಯವನ್ನೂ ಕಿಟಕಿಯನ್ನೂ ನೋಡಿ ಬಂದರು. “ಬೇಟಿ ಹೇಳೋದು ಖರೆ ಅದ. ತಿಂಗಳೊಪ್ಪತ್ತು ಟಾಂಗಾ ಹೂಡಬ್ಯಾಡ್ರಿ.”

ಮಾವ ನನ್ನ ಕಡೆ ನೋಡದೆ ಅತ್ತೆಗೆ ಹೇಳಿದರು: “ಕಾಲಿನ ಹಗ್ಗ ಬಿಚ್ಚಿಸು. ಕುದುರಿ ಮಾರಿ ಕಿಟಕಿ ಕಡಿ ಮಾಡಿ ಕಟ್ಟಲಿ.”

ಕಾಲು ಉಳಿಯಿತು, ಪಂಚಮಿ ತಪ್ಪಿತು. ಹಬ್ಬದ ದಿನ ದೊಡ್ಡ ನಾದಿನಿ ತವರಿಗೆಂದು ಇದೇ ಮನೆಗೆ ಬಂದಿದ್ದಳು. ಅಂಗಳದಲ್ಲಿ ಜೋಕಾಲಿ, ನಗು. ನಾನು ಕಿಟಕಿಯಲ್ಲಿದ್ದೆ. ಅತ್ತೆ ಹುರಿದ ಜೋಳದ ಅಳ್ಳಿನ ತಾಟು ಹಿಡಿದು ಬಂದು ಪಕ್ಕದಲ್ಲಿ ಕುಳಿತರು.

“ನಿಮ್ಮೂರಾಗ ಈಗ ಏನ್ ಮಾಡ್ಲಿಕತ್ತಿರ್ತಾರ? ಹೇಳವ್ವ. ನಿನ್ನ ಮಾತಿನಾಗೇ ಹೇಳು.”

“ಅಪ್ಪ ಹೊರಗ ಕಟ್ಟಿ ಮ್ಯಾಲ ನಿಂತಿರ್ತಾನ್ರಿ,” ಎಂದೆ. “ಕೆಂಪು ಕುದುರಿ ಕಾಣ್ತಾದೇನೋ ಅಂತ ದಾರಿ...”

ಸರಳಿನಾಚೆ ಕುದುರೆ ಕಿವಿ ನಿಮಿರಿಸಿ, ಉಳಿದ ಮಾತಿಗಾಗಿ ಕಾದು ನಿಂತಿತ್ತು.